ಕ ಇಲ್ಲದ ಕಮಿಷನರ್

ಮಿಷನರಿ ಅನ್ನುವ ಪದ ಎಲ್ಲರಿಗೂ ಗೊತ್ತು. ಅದಕ್ಕೆ ದೊಡ್ಡಪ್ಪನಂಥ ಇನ್ನೊಂದು ಪದವಿದೆ: ಮಿಷನರ್. ಧರ್ಮ ಹೇಳಿ ಬಾ ಎಂದು ಕಳಿಸಿಕೊಟ್ಟವನನ್ನು ಹಿಂದೆ ಇಂಗ್ಲಿಷಿನಲ್ಲಿ ಹೀಗೂ ಕರೆಯುತ್ತಿದ್ದರು. ಈಗ ಹಾಗೆ ಕರೆಯುವವರು ಅಪರೂಪ. ಯಾರೂ ಬಳಸದ ಪದ ಕಂಡರೆ ನನಗೆ ಬಾಯಲ್ಲಿ ನೀರೂರುತ್ತದೆ. ಕಳಿಸು ಅನ್ನುವ ಅರ್ಥದ ಲ್ಯಾಟಿನ್ ಧಾತುವಿನಿಂದ ಹುಟ್ಟಿದ್ದು ಇದು. ಮಿಸೈಲೂ ಅದೇ ಮನೆತನ. ಕಮಿಷನ್ನು, ಕಮಿಷನರ್ರು ಕೂಡ. ಈ ಕೊನೆಯ ನಂಟನ್ನು ಸುಬ್ರಹ್ಮಣ್ಯಪುರದ ನಮ್ಮ ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವನು ಯಾವ ನಿಘಂಟನ್ನೂ ತೆರೆಯದೆ ಪತ್ತೆಹಚ್ಚಿದ.

ಭಾನುವಾರ ಬೆಳಿಗ್ಗೆ. ನಾನು ಬಾಸೆಲ್ ಮಿಷನ್ನಿನ ಚರಿತ್ರೆಯಲ್ಲಿ ಮುಳುಗಿದ್ದೆ. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದಿದ್ದರು, ಇನ್ನೇನು ಮೋಗ್ಲಿಂಗ್ ಬಂದು 1843ರಲ್ಲಿ ‘ಮಂಗಳೂರ ಸಮಾಚಾರ’ ಶುರುಮಾಡಬೇಕು, ಅಷ್ಟರಲ್ಲಿ ಇಂಟರ್‌ಕಾಮ್ ಬಡಿದುಕೊಂಡಿತು.

‘ಸರ್, ಇಬ್ರು ಬಂದಾರ್ರಿ. ಕೈಯಾಗ ಬ್ಯಾಗ್ ಐತಿ. ದೇವ್ರ ಬಗ್ಗೆ ಮಾತಾಡ್ತಾರಂತ್ರಿ. ಬುಕ್ಕಿನಾಗ ಏನಂತ ಬರೀಲ್ರಿ?’

ಇಂಥ ಅವಕಾಶ ಜನ್ಮಕ್ಕೊಮ್ಮೆ ಬರುವುದು. ‘ಮಿಷನರ್ ಅಂತ ಬರಿಯಪ್ಪಾ’ ಅಂದೆ.

ಮುಂದಿನದಕ್ಕೆ ನಾನು ಜವಾಬ್ದಾರನಲ್ಲ. ನಾನು ಹೇಳಿದ ಪದ ಸರಿಯಾಗಿಯೇ ಇತ್ತು. ಸಾರ್ ಅವಸರದಲ್ಲಿ ಮೊದಲಕ್ಷರ ನುಂಗಿದ್ದಾರೆ ಅಂದುಕೊಂಡು ಆ ಪುಣ್ಯಾತ್ಮ ತಾನೇ ಒಂದು ‘ಕ’ ಸೇರಿಸಿದ. ಸೇರಿಸಿ ಸುಮ್ಮನಿರಲಿಲ್ಲ, ಸೆಕ್ರೆಟರಿಗೆ ಫೋನು ಮಾಡಿದ. ಇಬ್ಬರಲ್ಲಿ ಹಿರಿಯರು ಕಮಿಷನರ್, ಬ್ಯಾಗ್ ಹಿಡಿದವರು ಪಿ.ಎ. ಎಂದು ಪದವಿಯನ್ನೂ ಅವನೇ ಹಂಚಿದ.

ಬಾಲ್ಕನಿಗೆ ಬಂದು ನೋಡುತ್ತೇನೆ, ಕೆಳಗೆ ಯುದ್ಧಕಾಲ! ಮಳೆಗಾಲದಿಂದಲೂ ಬಾಯ್ದೆರೆದುಕೊಂಡಿದ್ದ ಚರಂಡಿಗೆ ಚಪ್ಪಡಿ ಮುಚ್ಚುತ್ತಿದ್ದಾರೆ. ಜನರೇಟರ್ ಹಿಂದಿನ ಕಸದ ಗುಡ್ಡೆ ಮಾಯ. ಅದಕ್ಕಾಗಿ ನಾನು ಬರೆದ ಅರ್ಜಿಗಳನ್ನೆಲ್ಲ ಒಟ್ಟಿದರೆ ಅದೇ ಇನ್ನೊಂದು ಗುಡ್ಡೆಯಾಗುತ್ತಿತ್ತು. ಸೆಕ್ರೆಟರಿ ಇಸ್ತ್ರಿ ಶರ್ಟಿನ ಗುಂಡಿ ಹಾಕಿಕೊಳ್ಳುತ್ತಲೇ ಓಡಿಬಂದರು. ರಾಜ್ಯೋತ್ಸವದಲ್ಲಿ ಉಳಿದಿದ್ದ ಶಾಲು, ಮೈಸೂರು ಪೇಟ ಬಂತು. ಎಳನೀರು ಬಂತು. ಹಿರಿಯರ ತಲೆಗೆ ಪೇಟ ಇಟ್ಟೇಬಿಟ್ಟರು. ಹೋದಲ್ಲೆಲ್ಲ ಬಾಗಿಲು ಹಾಕಿಸಿಕೊಂಡು ಅಭ್ಯಾಸವಿದ್ದ ಆ ಮುಖದಲ್ಲಿ ಅಪನಂಬಿಕೆ, ಆನಂದ ಎರಡೂ ಒಟ್ಟಿಗೇ ಏರಿದವು. ಅವರು ನಡುಗುವ ಕೈಯಲ್ಲಿ ಒಂದು ಕರಪತ್ರ ಕೊಟ್ಟರು. ಸೆಕ್ರೆಟರಿ ಎರಡೂ ಕೈಯೊಡ್ಡಿ ತೆಗೆದುಕೊಂಡರು. ‘ಅಂತ್ಯ ಹತ್ತಿರವಾಗಿದೆ’ ಎಂದಿತ್ತು.

ರಾಜಕಾಲುವೆ ಒತ್ತುವರಿ ತೆರವಿನ ಸುದ್ದಿ ದಿನಾ ಓದುವ ಊರಿನಲ್ಲಿ ಇಂಥ ಕಾಗದಕ್ಕೆ ಬೇರೆ ಅರ್ಥವೆಲ್ಲಿದೆ?

‘ಎಷ್ಟು ದಿನ ಟೈಮ್ ಇದೆ ಸಾರ್?’ ಸೆಕ್ರೆಟರಿಯ ದನಿ ಒಣಗಿತ್ತು.

‘ದಿನ ಯಾರಿಗೂ ತಿಳಿಯದು. ಸಿದ್ಧರಾಗಿರಬೇಕು, ಅಷ್ಟೆ.’

‘ಮೊದಲು ನೋಟಿಸ್ ಕೊಡಲ್ವಾ?’

‘ಎರಡು ಸಾವಿರ ವರ್ಷದಿಂದ ಕೊಡ್ತಾನೇ ಇದ್ದೀವಲ್ಲ.’

‘ಉಳಿಸಿಕೊಳ್ಳೋಕೆ ಏನಾದ್ರೂ ದಾರಿ...?’

‘ಇದೆ. ಒಂದೇ ದಾರಿ.’

ಖಜಾಂಚಿ ಸೆಕ್ರೆಟರಿಯ ಕಿವಿಯಲ್ಲಿ ‘ಎಷ್ಟಾಗುತ್ತೆ ಕೇಳಿ’ ಅಂದರು. ಹಿರಿಯರಿಗೆ ಕೇಳಿಸಿತು. ಅವರು ಕೈಯೆತ್ತಿ, ಪೇಟ ಅಲುಗಾಡುವಂತೆ ತಲೆಯಾಡಿಸಿ, ‘ಪೂರ್ತಿ ಉಚಿತ’ ಎಂದರು.

ಉಚಿತ ಅಂದಮೇಲೆ ಬಂದವರು ಕಮಿಷನರ್ ಅಲ್ಲ ಎಂದು ಎಲ್ಲರಿಗೂ ಖಾತ್ರಿಯಾಯಿತು.

ಇಲ್ಲಿಯವರೆಗೆ ನಾನು ಬಾಲ್ಕನಿಯ ಕಂಬಿ ಹಿಡಿದು ನಕ್ಕಿದ್ದೇ ನಕ್ಕಿದ್ದು. ಆಮೇಲಿನದು ಚೆನ್ನಾಗಿರಲಿಲ್ಲ. ಪೇಟ ತೆಗೆದುಕೊಂಡರು. ಶಾಲು ಮಡಚಿದರು. ‘ಹೋಗಿಬನ್ನಿ’ ಅಂತ ಒಬ್ಬರೂ ಅನ್ನಲಿಲ್ಲ. ಅರ್ಧ ಕುಡಿದ ಎಳನೀರನ್ನು ಆ ಹಿರಿಯರು ಮೆಟ್ಟಿಲ ಮೇಲಿಟ್ಟು ಹೊರಟರು. ಅವರ ಕರಪತ್ರ ನನಗೂ ಬೇಡ. ನನ್ನ ಅಂತ್ಯದ ವಿಷಯ ನಾನು ನೋಡಿಕೊಳ್ಳುತ್ತೇನೆ. ಆದರೆ ಎಳನೀರು ಕುಡಿಸಿ ಮುಗಿಸಬಹುದಿತ್ತು. ಗೇಟಿನವರೆಗೆ ಕಳಿಸಿಕೊಟ್ಟವನು ಸೆಕ್ಯುರಿಟಿ ಒಬ್ಬನೇ. ಅವನು ಮಸ್ಕಿ ಕಡೆಯವನು. ಅಶೋಕನ ಹೆಸರೇ ಕೊರೆದಿರುವ, 1915ರಲ್ಲಿ ಬೆಳಕಿಗೆ ಬಂದ ಬಂಡೆಶಾಸನ ಇರುವ ಊರು. ಆ ಅಶೋಕನ ಕಾಲದಲ್ಲೇ ರಕ್ಖಿತನೆಂಬ ಭಿಕ್ಷು ಬನವಾಸಿಗೂ ಮಹಾದೇವನೆಂಬವನು ಮಹಿಷಮಂಡಲಕ್ಕೂ ಧರ್ಮ ಹೇಳಲು ಬಂದರೆಂದು ಸಿಂಹಳದ ‘ಮಹಾವಂಶ’ ಹೇಳುತ್ತದೆ. ಅವರನ್ನು ಯಾವ ಗೇಟಿನಲ್ಲಿ ನಿಲ್ಲಿಸಿದ್ದರೋ.

ಬಾಸೆಲ್ ಮಿಷನ್ನಿನ ಕಿಟೆಲ್ಲರೂ ಹೀಗೆ ಕಳಿಸಿಕೊಟ್ಟದ್ದರಿಂದ ಬಂದವರೇ, 1853ರಲ್ಲಿ. ಕಳಿಸಿದವರು ಕೊಟ್ಟ ಕೆಲಸ ಜನರನ್ನು ಕೂಡಿಸುವುದು. ಅವರು ಕೂಡಿಸಿದ್ದು ಪದಗಳನ್ನು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಆ ನಿಘಂಟು ಇಲ್ಲದಿದ್ದರೆ ನನ್ನಂಥವರು ಭಾನುವಾರ ಏನು ಮಾಡುತ್ತಿದ್ದರು? ಈ ಮಾತನ್ನು ಹೆಂಡತಿಗೆ ಹೇಳಿದೆ.

‘ಪಾದ್ರಿ ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?’ ಅಂದಳು.

ಪಾದ್ರಿ ಪೋರ್ಚುಗೀಸರ ಪದ, ಅದಕ್ಕೆ ತಂದೆ ಎಂದರ್ಥ, ಕಳಿಸಲ್ಪಟ್ಟವನು ಅನ್ನುವ ಭಾವ ಅದರಲ್ಲಿ ಇಲ್ಲವೇ ಇಲ್ಲ ಎಂದು ವಿವರಿಸತೊಡಗಿದೆ. ಒಳಗೆ ಮಿಕ್ಸಿ ಶುರುವಾಯಿತು.

ಚರಂಡಿಯ ಚಪ್ಪಡಿ ಇನ್ನೂ ಅಲುಗಾಡದೆ ಕೂತಿದೆ. ಆದರೆ ಗೇಟಿನಾಚೆ ರಸ್ತೆ ಅಗೆದು ಬಿಟ್ಟಿದ್ದಾರೆ; ಆಟೋದವರು ಒಳಗೆ ಬರುವುದಿಲ್ಲ. ಇದು ಕಮಿಷನರ್ ಮಟ್ಟದಲ್ಲಿ ಬಗೆಹರಿಯುವಂಥದ್ದಲ್ಲ. ಇಂಗ್ಲಿಷಿನಲ್ಲಿ ಕೆಲವು ಚರ್ಚುಗಳ ಪಾದ್ರಿಗಳಿಗೆ ಮಿನಿಸ್ಟರ್ ಎಂದೇ ಹೆಸರು, ಎಲ್ಲ ನಿಘಂಟುಗಳಲ್ಲೂ ಇದೆ. ಅವರಲ್ಲಿ ಒಬ್ಬರಾದರೂ ಬರಲಿ ಎಂದು ಭಾನುವಾರ ಬೆಳಿಗ್ಗೆ ಇಂಟರ್‌ಕಾಮ್ ಪಕ್ಕದಲ್ಲೇ ಕೂತಿರುತ್ತೇನೆ.