ದೋಷ ಪತ್ತೆ ಉಚಿತ

ವಿಂಡೋಸ್ ರಿಜಿಸ್ಟ್ರಿ ಎಂದರೇನೆಂದು ನನಗೆ ಗೊತ್ತಿರಲಿಲ್ಲ. ಅದು ಗಲೀಜಾಗಿದೆ ಎಂಬುದರಲ್ಲಿ ಮಾತ್ರ ಅನುಮಾನವಿರಲಿಲ್ಲ. ಲ್ಯಾಪ್‌ಟಾಪ್ ಆನ್ ಮಾಡಿ, ಡಿಕಾಕ್ಷನ್ ಇಳಿಸಿ, ಕಾಫಿ ಕುಡಿದು, ಲೋಟ ತೊಳೆದಿಟ್ಟು ಬಂದರೂ ತೆರೆಯ ಮೇಲಿನ ಚುಕ್ಕಿಗಳು ಪ್ರದಕ್ಷಿಣೆ ಹಾಕುತ್ತಲೇ ಇರುತ್ತಿದ್ದವು. "ಹಳೇದಾಯ್ತಲ್ಲಾ, ಬದಲಾಯಿಸಿಬಿಡಿ" ಎಂದಳು ಹೆಂಡತಿ. ಹಳೆಯದಾದದ್ದನ್ನು ಬದಲಾಯಿಸುವ ಪದ್ಧತಿ ನಮ್ಮ ಮನೆಯಲ್ಲಿ ಶುರುವಾಗುವುದು ನನಗೆ ಕ್ಷೇಮವೆನ್ನಿಸಲಿಲ್ಲ. ರಿಪೇರಿಯೇ ಸರಿ ಎಂದೆ.

ರಿಜಿಸ್ಟ್ರಿ ಕ್ಲೀನರುಗಳಿಗೆ ಬರವಿಲ್ಲ. ಎಲ್ಲವೂ ದೋಷವನ್ನು ಬಿಟ್ಟಿಯಾಗಿ ತೋರಿಸುತ್ತವೆ, ಪರಿಹಾರಕ್ಕೆ ಮಾತ್ರ ದಕ್ಷಿಣೆ. ಜಾತಕ ನೋಡುವವರ ಕ್ರಮವೂ ಇದೇ ಆದ್ದರಿಂದ ನನಗೆ ತಕ್ಷಣ ನಂಬಿಕೆ ಹುಟ್ಟಿತು. ಮೊದಲಿನದು ನೂರು ಚಿಲ್ಲರೆ ದೋಷ ಹೇಳಿ ಸುಮ್ಮನಾಯಿತು. ಶ್ರದ್ಧೆ ಸಾಲದು ಎಂದು ಕಿತ್ತುಹಾಕಿದೆ. ಎರಡನೆಯದು ಆರುನೂರು ತೋರಿಸಿತು, ಅದಕ್ಕೂ ಅದೇ ಗತಿ. ಮೂರನೆಯದು ಕೆಂಪಕ್ಷರದಲ್ಲಿ 1,847 ಎಂದು ಬರೆದು, ಪಕ್ಕದಲ್ಲೊಂದು ಮುಳ್ಳು ನಡುಗುವ ಮೀಟರನ್ನೂ ತೋರಿಸಿತು. ಕಾರ್ಡ್ ತೆಗೆದೇಬಿಟ್ಟೆ. ಆ 1,847ರಲ್ಲಿ ಎಷ್ಟೋ, ನಾನು ಆಗಷ್ಟೇ ಕಿತ್ತುಹಾಕಿದ ಮೊದಲೆರಡು ಕ್ಲೀನರುಗಳ ಪಳೆಯುಳಿಕೆಗಳೇ ಆಗಿದ್ದವು ಎಂಬುದು ಬಹಳ ತಡವಾಗಿ ತಿಳಿಯಿತು.

ಅಮೆರಿಕದ ಆಫೀಸ್ ಡಿಪೋ ಅಂಗಡಿಗಳ ಕಥೆಯೂ ಹಾಗೆಯೇ ತಡವಾಗಿ ಕಿವಿಗೆ ಬಿತ್ತು. ಅಲ್ಲಿ ಕಂಪ್ಯೂಟರಿನ ಆರೋಗ್ಯ ತಪಾಸಣೆಗೆ ಮೊದಲು ಗಿರಾಕಿಗೆ ನಾಲ್ಕು ಪ್ರಶ್ನೆ ಕೇಳುತ್ತಿದ್ದರಂತೆ: ಯಂತ್ರ ನಿಧಾನವೇ, ಆಗಾಗ ಕೈಕೊಡುತ್ತದೆಯೇ, ಇತ್ಯಾದಿ. ಒಂದಕ್ಕೆ ಹೌದು ಎಂದರೂ ಮುಗಿಯಿತು, ತಂತ್ರಾಂಶ ಏನೇ ಹುಡುಕಲಿ ಬಿಡಲಿ, ಸೋಂಕಿನ ಲಕ್ಷಣ ಇದೆ ಎಂಬ ಫಲಿತಾಂಶ ಬರುತ್ತಿತ್ತು ಎಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತು. 2019ರಲ್ಲಿ ರಾಜಿಯಾಗಿ ಆ ಕಂಪನಿ 2.5 ಕೋಟಿ ಡಾಲರ್, ತಂತ್ರಾಂಶ ಒದಗಿಸಿದವರು 1 ಕೋಟಿ ಡಾಲರ್ ಕಕ್ಕಿದರು. ನಾನಾದರೋ ಯಾರೂ ಕೇಳದೆ ನಾಲ್ಕಕ್ಕೂ ಹೌದು ಎನ್ನುವ ಗಿರಾಕಿ.

ದುಡ್ಡು ಕಟ್ಟಿದ ಮೇಲೆ ಕ್ಲೀನರ್ ಒಂದು ಪ್ರಶ್ನೆ ಕೇಳಿತು: ಅಳಿಸುವ ಮುನ್ನ ಬ್ಯಾಕಪ್ ತೆಗೆಯಲೇ? ಮನೆ ಗುಡಿಸಿದ ಕಸವನ್ನು ಯಾರಾದರೂ ಬೀರುವಿನಲ್ಲಿಡುತ್ತಾರೆಯೇ? ಬೇಡ ಎಂದು ಒತ್ತಿದೆ. ಮುಳ್ಳು ಕೆಂಪಿನಿಂದ ಹಸಿರಿಗೆ ಬಂತು. ಚುಕ್ಕಿಗಳ ಪ್ರದಕ್ಷಿಣೆ ಎಂದಿನಷ್ಟೇ ಹೊತ್ತು ನಡೆದರೂ ನನಗೇಕೋ ಚುರುಕಾದಂತೆ ಕಂಡಿತು. ಕೊಟ್ಟ ದುಡ್ಡಿನ ಮಹಿಮೆ.

ಆ ಭಾನುವಾರ ನಮ್ಮ ಅಪಾರ್ಟ್‌ಮೆಂಟ್ ಸಂಘದ ವಾರ್ಷಿಕ ಸಭೆ. ಕಾರ್ಯದರ್ಶಿಯಾದ ನಾನು ವರದಿ, ಲೆಕ್ಕಪತ್ರ ಎರಡನ್ನೂ ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ್ದೆ. ಪ್ರೊಜೆಕ್ಟರಿಗೆ ವೈರು ಚುಚ್ಚಿ ಕಡತ ತೆರೆದರೆ, ಗೋಡೆಯ ತುಂಬ ತಲೆಯ ಮೇಲೆ ಗೆರೆ, ಚುಕ್ಕಿ, ಟೊಪ್ಪಿಗೆ ಹೊತ್ತ ಇಂಗ್ಲಿಷ್ ಅಕ್ಷರಗಳು. ನಡುನಡುವೆ ಪೌಂಡ್ ಚಿಹ್ನೆ. "ಏನ್ರೀ ಇದು, ಸಂಘದ ದುಡ್ಡೆಲ್ಲ ಲಂಡನ್ನಿನಲ್ಲಿದೆಯಾ?" ಎಂದರು ಅಧ್ಯಕ್ಷರು.

ಮೂರನೇ ಮಹಡಿಯ ಸಾಫ್ಟ್‌ವೇರ್ ಹುಡುಗಿ ಎದ್ದು ಬಂದು ಕೀಲಿಮಣೆ ಹಿಡಿದಳು. "ಅಂಕಲ್, ಫಾಂಟ್ ಎಲ್ಲಿಟ್ಟಿದ್ರಿ?"

"ಪೆನ್‌ಡ್ರೈವ್‌ನಲ್ಲಮ್ಮ. ಜಾಗ ಉಳಿಯಲಿ ಅಂತ."

ಆಗ ಗುಟ್ಟು ರಟ್ಟಾಯಿತು. ಫಾಂಟಿನ ವಿಳಾಸವಷ್ಟೇ ರಿಜಿಸ್ಟ್ರಿಯಲ್ಲಿತ್ತು. ಕ್ಲೀನರ್ ಕಸ ಹುಡುಕುವಾಗ ಪೆನ್‌ಡ್ರೈವ್ ನನ್ನ ಅಂಗಿಯ ಜೇಬಿನಲ್ಲಿತ್ತು. ವಿಳಾಸದಲ್ಲಿ ಮನೆಯೇ ಇಲ್ಲ ಎಂದು ಅದು ವಿಳಾಸವನ್ನೇ ಅಳಿಸಿಹಾಕಿತ್ತು. "ಬ್ಯಾಕಪ್ ಇದೆಯಾ ಅಂಕಲ್?" ಎಂದಳು. ನಾನು ಫ್ಯಾನಿನತ್ತ ನೋಡಿದೆ.

ಪೆನ್‌ಡ್ರೈವಿಗಾಗಿ ಮನೆಗೆ ಆಳು ಓಡಿದ. ಅಷ್ಟರಲ್ಲಿ ಅವಳು ಮೆಲ್ಲಗೆ ಪಾಠ ಮಾಡಿದಳು. ರಿಜಿಸ್ಟ್ರಿ ಎಂದರೆ ವಿಂಡೋಸ್ ತನ್ನ ಮತ್ತು ತಂತ್ರಾಂಶಗಳ ಸೆಟ್ಟಿಂಗುಗಳನ್ನು ಬರೆದಿಟ್ಟುಕೊಳ್ಳುವ ದತ್ತಾಂಶ ಸಂಗ್ರಹ. ಹತ್ತಾರು ಎಂಬಿ ಗಾತ್ರದ್ದು. ಸಾವಿರ ಹಳೆಯ ನಮೂದು ಅಳಿಸಿದರೂ ಇಳಿಯುವುದು ಕೆಲವು ನೂರು ಕೆಬಿ. ಬೇಕಾದ ನಮೂದನ್ನು ವಿಂಡೋಸ್ ಹೆಸರು ಹಿಡಿದು ನೇರವಾಗಿ ತಲುಪುವುದರಿಂದ, ಮೂಲೆಯಲ್ಲಿ ಬಿದ್ದದ್ದು ಬಿದ್ದಿದ್ದರೆ ಯಾರಿಗೂ ತೊಂದರೆಯಿಲ್ಲ. ಮೈಕ್ರೋಸಾಫ್ಟೇ ತೊಂಬತ್ತರ ದಶಕದಲ್ಲಿ ರೆಗ್‌ಕ್ಲೀನ್ ಎಂಬ ಪೊರಕೆ ಕೊಟ್ಟು, ಆಮೇಲೆ ಹಿಂದಕ್ಕೆ ತೆಗೆದುಕೊಂಡಿತು. ಈಗ ಇಂಥ ಕ್ಲೀನರುಗಳಿಗೆ ತನ್ನ ಬೆಂಬಲವಿಲ್ಲ ಎಂದೇ ಹೇಳುತ್ತದೆ. ನನ್ನ ಯಂತ್ರದ ಕಾಯಿಲೆ ಒಳಗೆ ಗಿರಗಿರ ಸುತ್ತುವ ಹಳೇ ಹಾರ್ಡ್‌ಡಿಸ್ಕು. ಎಸ್‌ಎಸ್‌ಡಿ ಹಾಕಿಸಿದ್ದರೆ ಸಾಕಿತ್ತಂತೆ.

ಸಭಿಕರಿಗೆ ಅಷ್ಟು ತಾಳ್ಮೆಯಿರಲಿಲ್ಲ; ಊಟದ ವಾಸನೆ ಬರತೊಡಗಿತ್ತು. ಇದ್ದದ್ದನ್ನೇ ತೋರಿಸಿ ಮುಗಿಸಿ ಎಂದರು. ಲೆಕ್ಕಪತ್ರದಲ್ಲಿ ಅಂಕಿಗಳು ಮಾತ್ರ ನೆಟ್ಟಗಿದ್ದವು. ಪ್ರತಿವರ್ಷ ಜಗಳಕ್ಕೆ ನಾಂದಿಯಾಗುವ 'ಇತರೆ ಖರ್ಚು' ಯಾವ ಸಾಲಿನಲ್ಲಿದೆ ಎಂದು ಯಾರಿಗೂ ಹೊಳೆಯಲಿಲ್ಲ. ಸರ್ವಾನುಮತದಿಂದ ಅಂಗೀಕಾರವಾಯಿತು.

ಎಲೆಯ ಮುಂದೆ ಕೂತಾಗ ಖಜಾಂಚಿಗಳು ನನ್ನ ಪಕ್ಕಕ್ಕೇ ಸರಿದು, ದನಿ ತಗ್ಗಿಸಿ ಕೇಳಿದರು: "ಸ್ವಾಮಿ, ಆ ಸಾಫ್ಟ್‌ವೇರ್ ಹೆಸರೇನು ಅಂದ್ರಿ?"