ಕೆಂಪು ಗಿಂಡಿಯ ಕಾಟ

ಚಾಮರಾಜನಗರದಿಂದ ತೆರಕಣಾಂಬಿ ಮೇಲೆ ಗುಂಡ್ಲುಪೇಟೆಗೆ ಹೋಗುವ ದಾರಿಯಲ್ಲಿ ಮಾರುತಿ ಓಮ್ನಿಗೆ ಇನ್ನೂ ನಿವೃತ್ತಿ ಸಿಕ್ಕಿಲ್ಲ. 1984ರಲ್ಲಿ ಬರೀ ‘ವ್ಯಾನ್’ ಎಂಬ ಹೆಸರಿನಿಂದ ರಸ್ತೆಗಿಳಿದ ಈ ಗಾಡಿಯ ತಯಾರಿಕೆ 2019ರಲ್ಲೇ ನಿಂತಿತು. ಆದರೂ ಬಾಳೆಗೊನೆ, ಟೊಮ್ಯಾಟೊ ಕ್ರೇಟು, ಓಣಂ ಹೊತ್ತಿನ ಚೆಂಡುಹೂವಿನ ಮೂಟೆ, ಮದುವೆಗೆ ಹೊರಟ ಬೀಗರು, ಯಾರನ್ನೂ ಅದು ಒಲ್ಲೆ ಎನ್ನದು. 796 ಸಿ.ಸಿ.ಯ ಮೂರು ಸಿಲಿಂಡರ್ ಎಂಜಿನ್ನು ಮುಂದಿನ ಸೀಟಿನ ಅಡಿಯಲ್ಲೇ ಕೂತಿರುವುದರಿಂದ ಅದು ಕಾದದ್ದು ಮೀಟರಿಗಿಂತ ಮೊದಲು ಡ್ರೈವರನ ಪಂಚೆಗೆ ತಿಳಿಯುತ್ತದೆ.

ಆಯಿಲ್ ಪ್ರೆಷರ್ ಕುಸಿದದ್ದನ್ನು ಮಾತ್ರ ಪಂಚೆ ಹೇಳಲಾರದು. ಅದಕ್ಕೆಂದೇ ಡ್ಯಾಶ್‌ಬೋರ್ಡಿನಲ್ಲಿ ಗಿಂಡಿಯಾಕಾರದ ಕೆಂಪು ದೀಪವೊಂದಿದೆ. ಮನೆಯಲ್ಲಿ ದೀಪ ಆರಿದರೆ ಅಪಶಕುನ. ಇಲ್ಲಿ ಗಾಡಿ ಸ್ಟಾರ್ಟಾದ ಮೇಲೂ ಆರದಿದ್ದರೆ ಅಪಶಕುನ.

ಗಿಂಡಿ ಉರಿದ ಕೂಡಲೇ ನಡೆಯುವ ಮೊದಲ ಚಿಕಿತ್ಸೆ ಡ್ಯಾಶ್‌ಬೋರ್ಡಿಗೆ ಎರಡು ಗುದ್ದು. ಅದಕ್ಕೂ ಬಗ್ಗದಿದ್ದರೆ ಪಕ್ಕದಲ್ಲಿ ಕೂತವನ ಸಮಾಧಾನ: “ಮುಂದಕ್ಕೋದ್ರೆ ತಾನೇ ಆರ್ತದೆ ಬುಡಣ್ಣ.” ಅದೂ ಸುಳ್ಳಾದಾಗ ಒಂದು ಲೀಟರ್ ಆಯಿಲ್ಲಿನ ಅಭಿಷೇಕ. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಆಯಿಲ್ ಕೆಳಗಿಳಿಯಲು ಕೆಲವು ನಿಮಿಷ ಬಿಟ್ಟು ಕಡ್ಡಿ ಎಳೆದು ನೋಡುವುದು ಯಾರಿಗೂ ರುಚಿಸದು. ಆಯಿಲ್ ಅತಿಯಾದರೆ ಕ್ರ್ಯಾಂಕು ಅದನ್ನು ಕಡೆದು ನೊರೆ ಎಬ್ಬಿಸುತ್ತದೆ. ನೊರೆಯಲ್ಲಿರುವುದು ಗಾಳಿ, ಪ್ರೆಷರ್ ಇನ್ನಷ್ಟು ಇಳಿಯುತ್ತದೆ. ಅಭಿಷೇಕಕ್ಕೆ ದೇವರು ಕೊಟ್ಟ ವರ ಅದು.

ಅನುಭವಸ್ಥ ಮೇಸ್ತ್ರಿ ಸ್ಪ್ಯಾನರ್ ಎತ್ತುವ ಮೊದಲು ಕೇಳುವುದೇ ಬೇರೆ: “ತಣ್ಣಗಿದ್ದಾಗ ಉರಿತದಾ, ಬಿಸಿಯಾದ್ಮೇಲಾ?” ಅರ್ಧ ರೋಗ ಈ ಪ್ರಶ್ನೆಗೇ ಸಿಕ್ಕಿಬೀಳುತ್ತದೆ. ಎಂಜಿನ್ ಕಾದು ನಿಧಾನಕ್ಕೆ ಓಡುವಾಗ ಮಿಣುಕಿ, ಆಕ್ಸಿಲರೇಟರ್ ಒತ್ತಿದೊಡನೆ ಮಾಯವಾದರೆ ಆಯಿಲ್ ನೀರಾಗಿರಬಹುದು, ಇಲ್ಲವೇ ಬೇರಿಂಗು ಸವೆದಿರಬಹುದು. ಪಂಪು ಆಯಿಲನ್ನು ತಳ್ಳುತ್ತದೆ, ಅಷ್ಟೆ. ಪ್ರೆಷರ್ ಹುಟ್ಟುವುದು ಆಯಿಲ್ ನುಸುಳಬೇಕಾದ ಸಂದಿಗಳಲ್ಲಿ. ಸಂದಿ ಅಗಲವಾದರೆ, ಇಲಿ ಕಡಿದ ಡ್ರಿಪ್ ಪೈಪಿನ ಕತೆಯೇ: ಕೊನೆಯ ಬಾಳೆಗೆ ನೀರು ತಲುಪದು, ಬೈಗುಳ ಮಾತ್ರ ಮೋಟರಿಗೆ. ಎಂಜಿನ್ನಿನ ಆಯಿಲ್ ಸಂಪಿನ ತಳದ ಜಾಲರಿಗೆ ಕೆಸರು ಕಟ್ಟಿದರೂ ಇದೇ ಗತಿ.

ಎಷ್ಟೋ ಸಲ ತಪ್ಪು ಎಂಜಿನ್ನಿನದೇ ಅಲ್ಲ, ಹೆಬ್ಬೆರಳ ಗಾತ್ರದ ಆಯಿಲ್ ಸ್ವಿಚ್ಚಿನದು. ಅದರ ವೈರು ಕಿತ್ತ ಮೇಲೂ ದೀಪ ಉರಿದರೆ ವೈರು ಎಲ್ಲೋ ಬಾಡಿಗೆ ತಾಗುತ್ತಿದೆ. ಆರಿದರೆ? ಓನರು ಹಿಗ್ಗಿ ಮನೆಗೆ ಹೊರಡುತ್ತಾರೆ. ಎಡವಟ್ಟು ಆಗುವುದೇ ಅಲ್ಲಿ. ಆರಿದ್ದರಿಂದ ವೈರು ಸರಿಯಿದೆ ಎಂದಾಯಿತೇ ಹೊರತು ಪ್ರೆಷರ್ ಇದೆ ಎಂದಲ್ಲ. ಸ್ವಿಚ್ಚು ಬಿಚ್ಚಿ, ಅದೇ ತೂತಿಗೆ ಗೇಜು ಕೂರಿಸಿ ನೋಡಿದರೆ ಮಾತ್ರ ನಿಜ ಹೊರಬೀಳುತ್ತದೆ. ಹೀಗಿದ್ದೂ ಗೇಜು ತರುವ ಮೇಸ್ತ್ರಿಗಿಂತ, ಶಬ್ದ ಕೇಳಿಯೇ “ಏನೂ ಆಗಿಲ್ಲ” ಎನ್ನುವ ಮೇಸ್ತ್ರಿಗೇ ಗಿರಾಕಿ ಜಾಸ್ತಿ.

ಗುಂಡ್ಲುಪೇಟೆ ದಾಟಿ ಊಟಿ ಕಡೆ ಹೊರಟವರ ಪಾಡಂತೂ ಬೇಡ. ಬಂಡೀಪುರದ ಕಾಡಿನೊಳಗೆ ಗಾಡಿ ನಿಲ್ಲಿಸಬಾರದು ಎನ್ನುತ್ತದೆ ಫಲಕ. ಈಗಲೇ ನಿಲ್ಲಿಸು ಎನ್ನುತ್ತದೆ ಗಿಂಡಿ. ಹೊರಗೆ ಆನೆ, ಒಳಗೆ ಎಂಜಿನ್ ಬಿಚ್ಚಿಸುವ ಖರ್ಚು. 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರಕ್ಕೆ ನಿರ್ಬಂಧ ಬೇರೆ. ಗೇಟು ಹಾಕುವ ಮೊದಲು ಮೇಲುಕಾಮನಹಳ್ಳಿ ಚೆಕ್‌ಪೋಸ್ಟ್ ಮುಟ್ಟಲು ಓಡುವ ಡ್ರೈವರು ಕೆಂಪು ದೀಪ ಕಂಡರೂ ಕಾಣದವನಂತಿರಲು ಕಲಿತಿರುತ್ತಾನೆ. ಪ್ರೆಷರ್ ನಿಜಕ್ಕೂ ಇಲ್ಲದಿದ್ದರೆ ಬೇರಿಂಗು ಹಾಳಾಗಲು ಕೆಲವೇ ನಿಮಿಷ ಸಾಕು. ಕಡ್ಡಿ ನೋಡುವ ಶಾಸ್ತ್ರವನ್ನು ಟೀ ಅಂಗಡಿಯ ಮುಂದೆಯೇ ಮುಗಿಸಿ ಹೊರಡುವುದು ವಾಸಿ.

ಎಲ್ಲಕ್ಕಿಂತ ಅಗ್ಗದ ರಿಪೇರಿ ನಡೆಯುವುದು ಗಾಡಿ ಮಾರುವ ಮುನ್ನಾ ದಿನ: ಬಲ್ಬನ್ನೇ ಕಿತ್ತುಬಿಡುವುದು. ಕೊಳ್ಳಲು ಬಂದವರು ಟೈರು ಒದೆಯುತ್ತಾರೆ, ಬಾಗಿಲು ಬಡಿಯುತ್ತಾರೆ, ಹಾರ್ನ್ ಒತ್ತುತ್ತಾರೆ. ಸ್ಟಾರ್ಟ್ ಮಾಡದೆ ಕೀ ಮಾತ್ರ ತಿರುಗಿಸಿ, ಗಿಂಡಿ ಉರಿಯುತ್ತದೆಯೇ ಎಂದು ಬಗ್ಗಿ ನೋಡುವ ಗಿರಾಕಿ ಬಂದರೆ, ಮಾರುವವರು ತಾವಾಗಿಯೇ ರೇಟು ಇಳಿಸುತ್ತಾರೆ.