ಲಟ್ಟಣಿಗೆ ಎಲ್ಲಿ ಹೋಯ್ತು?

ಭಾನುವಾರ ಬೆಳಗ್ಗೆ ಯಡಿಯೂರಿನಲ್ಲಿ ಎರಡೇ ಸದ್ದು. ಒಂದು ಸಿದ್ಧಲಿಂಗೇಶ್ವರನ ಗುಡಿಯ ಗಂಟೆ, ಇನ್ನೊಂದು ಹೆದ್ದಾರಿಯಲ್ಲಿ ಹಾಸನದ ಕಡೆ ಓಡುವ ಬಸ್ಸುಗಳ ಹಾರನ್ನು. ಮೊನ್ನೆ ಎರಡನ್ನೂ ಮೀರಿಸಿ ಮೂರನೆಯದೊಂದು ಕೇಳಿತು.

"ಅದ್ಯಾಕಪ್ಪ ಹಂಗ್ ಕಚ್ತಾ ಐತೆ? ಕತ್ರಿನಾ, ಇಲೀನಾ?"

ಬೇಲಿಯಾಚೆಯ ಅಕ್ಕ. ಮಡಿಲಲ್ಲಿ ಅವರೆಕಾಯಿ ಮೊರ, ಕಣ್ಣು ನನ್ನ ಕೈಮೇಲೆ.

ನನ್ನ ಕೈಯಲ್ಲಿದ್ದದ್ದು ಮಗಳ ಟೇಬಲ್ ಟೆನಿಸ್ ಬ್ಯಾಟು. ತುಮಕೂರಿನ ಹಾಸ್ಟೆಲಿನಿಂದ ಬಂದವಳು ಎರಡು ಬದಿಗೂ ಹೊಸ ರಬ್ಬರ್ ಹಾಕಿಕೊಡು ಅಂದಿದ್ದಳು. ಹಾಳೆ ಚೌಕ, ಬ್ಯಾಟು ಗುಂಡಗೆ. ಅಂಟಿಸಿ ಮಿಕ್ಕದ್ದನ್ನು ಸವರಬೇಕು. ಸಾವಿರಗಟ್ಟಲೆ ತೆತ್ತ ಹಾಳೆಗೆ ಅಡುಗೆಮನೆಯ ಕತ್ತರಿ ಹಾಕಿದ್ದೆ. ಕತ್ತರಿಯ ಬಾಯಿಗೆ ಸಿಕ್ಕ ಸ್ಪಾಂಜು ಅಮುಕಿಕೊಂಡು, ಬಿಟ್ಟಕೂಡಲೇ ಉಬ್ಬಿ, ಕೆಂಪು ಬದಿಯ ಅಂಚು ದನ ಮೇಯ್ದ ಬೇಲಿಯಂತಾಗಿತ್ತು.

"ಮರದ ಬ್ಯಾಟಿಗೆ ಮೆತ್ತೆ ಯಾಕಪ್ಪ?"

"ಆ ಮೆತ್ತೆ ಲೋಕವನ್ನೇ ಗೆದ್ದಿದ್ದು ನಮ್ಮ ದೇಶದಲ್ಲೇ ಕಣಕ್ಕ. 1952ರಲ್ಲಿ ಬೊಂಬಾಯಿಯಲ್ಲಿ ವಿಶ್ವ ಚಾಂಪಿಯನ್‌ಶಿಪ್ಪು. ಜಪಾನಿನ ಹಿರೋಜಿ ಸಾಟೋ ಅನ್ನೋರು ದಪ್ಪ ಸ್ಪಾಂಜಿನ ಬ್ಯಾಟು ತಂದ್ರು. ಮಿಕ್ಕೋರ ಬ್ಯಾಟು ಟಕ್ ಅನ್ನೋದು, ಇವರದು ಉಸಿರೇ ಬಿಡ್ತಿರಲಿಲ್ಲ. ಚೆಂಡು ಯಾವಾಗ ಹೊರಟಿತು ಅಂತ ಕಿವಿಗೆ ಗೊತ್ತಾಗದೆ ಎದುರಾಳಿಗಳು ತಬ್ಬಿಬ್ಬು!"

"ಸದ್ದಿಲ್ದಂಗೆ ಗೆದ್ದ ಅನ್ನು. ಯಾರೂ ಕೇಳ್ಲಿಲ್ವಾ?"

"ಕೇಳಿದ್ರು. 1959ರಲ್ಲಿ ದಪ್ಪಕ್ಕೆ ಮಿತಿ ಹಾಕಿದ್ರು. ಈಗ ರಬ್ಬರು, ಸ್ಪಾಂಜು, ಅಂಟು ಎಲ್ಲಾ ಸೇರಿ 4 ಮಿಲಿಮೀಟರ್ ಮೀರಂಗಿಲ್ಲ. ಅಂಚಿಗೂ ನಿಯಮ ಐತೆ: ಮರದ ಅಂಚಿನ ತನಕ ಬರಬೇಕು, ಅದನ್ನ ದಾಟಬಾರದು."

"ನಮ್ ಕರ್ಜಿಕಾಯಿದೂ ಅದೇ ಕಾನೂನು," ಅಂದರು ಅಕ್ಕ, ಅವರೆಕಾಯಿ ಬಿಟ್ಟು ಬೇಲಿ ಹತ್ತಿರ ಬಂದು. "ಅದಕ್ಕೆ ಕತ್ರಿ ಹಾಕ್ತೀವೇನು? ಗಾಲಿ ಚಮಚ ಓಡಿಸ್ತೀವಿ. ಹಿಟ್ಟು ಎಳೆದು ಹಾಸಿದ್ರೆ ಆಮೇಲೆ ಒಳಕ್ಕೆ ಸರ್ಕೊಳ್ತದೆ. ಕೆಳಗೆ ಮಣೆ ಗಟ್ಟಿ ಇರಬೇಕು. ಗಾಲಿ ಎತ್ತಬಾರದು."

ಬ್ಯಾಟು ಹಿಡಿದೇ ಗೊತ್ತಿಲ್ಲದ ಅಕ್ಕನ ಮಾತಿನಲ್ಲಿ ನನ್ನ ತಪ್ಪುಗಳೆಲ್ಲ ಸಾಲಾಗಿ ನಿಂತಿದ್ದವು. ಕೆಂಪು ಹಾಳೆಯನ್ನು ಸುಕ್ಕು ಬೀಳದಿರಲೆಂದು ನಾನು ಎಳೆದೆಳೆದೇ ಅಂಟಿಸಿದ್ದೆ.

ಕಪ್ಪು ಬದಿ ಅವರ ಉಸ್ತುವಾರಿಯಲ್ಲೇ ಶುರುವಾಯಿತು. ಹಾಲಿನಂಥ ಅಂಟನ್ನು ಮರಕ್ಕೂ ಸ್ಪಾಂಜಿಗೂ ತೆಳ್ಳಗೆ ಸವರಿ, ಬಿಳುಪು ಹೋಗಿ ಪಾರದರ್ಶಕವಾಗುವ ತನಕ ಕಾದೆ. "ಅವಸರ ಬೇಡ, ಒಂದು ಮೊರ ಕಾಳು ಬಿಡಿಸೋ ಹೊತ್ತು," ಅಂದರು ಅಕ್ಕ. ಹಿಡಿಯ ಕಡೆಯಿಂದ ಶುರುಮಾಡಿ, ಎಳೆಯದೆ, ಹಾಳೆಯನ್ನು ಹಾಗೇ ಮಲಗಿಸಿದೆ. ಒತ್ತಲು ಉರುಳೆ ಬೇಕಿತ್ತು. ಒಳಗೆ ಹೋಗಿ ಲಟ್ಟಣಿಗೆ ತಂದೆ. ಕೇಳಿ ತಂದೆನೆಂದು ಹೇಳಲಾರೆ. ಹಗೂರಕ್ಕೆ ಉರುಳಿಸಿ, ಮೇಲೆ ದಪ್ಪ ಪುಸ್ತಕ ಹೇರಿ ಊಟಕ್ಕೆ ಹೋದೆ.

ಮಧ್ಯಾಹ್ನ ಹಲಗೆಯ ಮೇಲೆ ಬ್ಯಾಟನ್ನು ಮಗುಚಿಟ್ಟೆ. ರಬ್ಬರ್ ಕೆಳಗೆ, ಮರ ಮೇಲೆ. ಪೇಪರ್ ಕಟರಿಗೆ ಹೊಸ ಬ್ಲೇಡು. ಎಡಗೈಯಲ್ಲಿ ಬ್ಯಾಟನ್ನು ಅದುಮಿ, ಬ್ಲೇಡನ್ನು ನೆಟ್ಟಗೆ ನಿಲ್ಲಿಸಿ, ಮರದ ಅಂಚಿಗೆ ತಾಗಿಸಿಕೊಂಡೇ ಎಳೆಯುತ್ತಾ ಹೋದೆ. ಗರಗಸದಂತೆ ಆಡಿಸಲಿಲ್ಲ. ತಿರುವಿನಲ್ಲಿ ಬ್ಲೇಡು ಅಲ್ಲೇ ನಿಂತಿತು, ಬ್ಯಾಟು ತಿರುಗಿತು. ಬೆಳಗ್ಗೆಯೆಲ್ಲ ನನ್ನ ಕಣ್ಣಳತೆಯಲ್ಲಿ ದುಂಡಗೆ ಕತ್ತರಿಸಲು ಹೆಣಗಿದ್ದೆ. ದುಂಡು ಮರದಲ್ಲೇ ಇತ್ತು. ಬ್ಲೇಡು ಅದಕ್ಕೆ ಒರಗಿಕೊಂಡು ಹೋಗಬೇಕಿತ್ತು, ಅಷ್ಟೆ.

"ಪ್ಯಾರಿಸ್‌ನಲ್ಲಿ ಆಡಿದ ನಮ್ ಬೆಂಗಳೂರು ಹುಡುಗಿ ಅಂತ ನಿನ್ ಮಗಳು ಪಟ ಹಾಕ್ಕೊಂಡವಳಲ್ಲ?"

"ಅರ್ಚನಾ ಕಾಮತ್. 2024ರ ಒಲಿಂಪಿಕ್ಸು. ಮೊದಲ ಸಲ ನಮ್ಮ ಹೆಣ್ಣುಮಕ್ಕಳ ತಂಡ ಕ್ವಾರ್ಟರ್ ಫೈನಲ್ ಮುಟ್ಟಿತು. ಜರ್ಮನಿ ಎದುರು ಸೋತರೂ ಒಂದು ಪಂದ್ಯ ಗೆದ್ದೋಳು ಅವಳೊಬ್ಬಳೇ."

"ಅವಳ ಬ್ಯಾಟು ಯಾರು ಸವರ್ತಾರೆ?"

"ನಾನಂತೂ ಅಲ್ಲ."

"ಅದಕ್ಕೇ ಗೆದ್ದಳು ಬಿಡು."

ಕಪ್ಪು ಬದಿ ಬೆರಳಾಡಿಸಿದರೆ ಮರವೆಲ್ಲಿ ಮುಗಿದು ರಬ್ಬರೆಲ್ಲಿ ಶುರು ಅಂತ ತಿಳಿಯದ ಹಾಗೆ ಕೂತಿತ್ತು. ಕೆಂಪು ಬದಿಯಲ್ಲಿ ಹೊರಗೆ ಚಾಚಿದ್ದನ್ನು ಅದೇ ಬ್ಲೇಡಿನಲ್ಲಿ ಸವರಿದೆ. ಕತ್ತರಿ ಒಳಕ್ಕೆ ತಿಂದದ್ದನ್ನು ಯಾವ ಬ್ಲೇಡು ತುಂಬಿಕೊಡುತ್ತದೆ?

ಅಕ್ಕ ಬೇಲಿಯ ಮೇಲಿಂದ ಕೈ ಚಾಚಿದರು. "ಆ ಉಳಿದ ಚೂರು ಕೊಡಪ್ಪ. ಉಪ್ಪಿನಕಾಯಿ ಭರಣಿ ಮುಚ್ಚಳ ತಿರುಗ್ಸಕ್ಕೆ ಒಳ್ಳೆ ಹಿಡಿತ ಸಿಗ್ತದೆ."

ಕೊಟ್ಟೆ. ಅಷ್ಟರಲ್ಲಿ ಒಳಗಿನಿಂದ ನನ್ನವಳ ದನಿ: "ಲಟ್ಟಣಿಗೆ ಕಂಡ್ರಾ ಅಕ್ಕಾ?"

ಅಂಟು ಮೆತ್ತಿದ ಲಟ್ಟಣಿಗೆ ನನ್ನ ಕಾಲ ಬುಡದಲ್ಲೇ ಬಿದ್ದಿತ್ತು. ಅಕ್ಕ ಅದನ್ನೊಮ್ಮೆ ನೋಡಿದರು, ಕೈಯಲ್ಲಿದ್ದ ರಬ್ಬರ್ ಚೂರನ್ನೊಮ್ಮೆ ನೋಡಿದರು.

"ಇಲ್ವಲ್ಲವ್ವಾ," ಅಂದರು.